ದೇವದುರ್ಗದಿಂದ ಮಾನ್ವಿಗೆ ವಿಮಾನ ಐತೇನ್ರಿ?

ಹೋದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ನಡೆದ ಚರ್ಚಾ ಸ್ಪರ್ಧೆ ನಿಮಗೆಲ್ಲ ನೆನಪಿರಬಹುದು. ವಿಷಯ: ‘ರಾಯಚೂರಿಗೆ ವಿಮಾನ ನಿಲ್ದಾಣ ಬೇಕೆ?’ ನಾನು ‘ಬೇಕು’ ಎನ್ನುವ ಕಡೆ ಇದ್ದೆ. ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಶುರುವಾಯಿತು, ಬೀದರ್‌ನಲ್ಲಿ 2020ರ ಫೆಬ್ರುವರಿಯಲ್ಲಿ ಶುರುವಾಯಿತು. ಹಟ್ಟಿಯಿಂದ ಚಿನ್ನ, ಶಕ್ತಿನಗರದಿಂದ ಕರೆಂಟು, ಮಾನ್ವಿ ಮತ್ತು ಸಿಂಧನೂರಿನಿಂದ ಅಕ್ಕಿ ಕೊಡುವ ನಮ್ಮ ಜಿಲ್ಲೆ ಏನು ಪಾಪ ಮಾಡಿದೆ ಎಂದು ಜೋರಾಗಿ ಕೇಳಿದೆ. ಚಪ್ಪಾಳೆ ಬಿತ್ತು. ಪ್ರಶ್ನೆ ಕೇಳುವ ಸಮಯ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, ‘ಅದೆಲ್ಲಾ ಖರೆ, ದೇವದುರ್ಗದಿಂದ ಮಾನ್ವಿಗೆ ವಿಮಾನ ಐತೇನ್ರಿ?’ ಎಂದ.

ಇಡೀ ಸಭಾಂಗಣ ನಕ್ಕಿತು. ನಾನೂ ನಕ್ಕು, ಉತ್ತರ ಕೊಡದೆ ಕೂತುಬಿಟ್ಟೆ. ಎರಡನೇ ಬಹುಮಾನವೂ ಬಂತು. ಆದರೆ ಆ ಪ್ರಶ್ನೆ ಮನೆಯ ತನಕ ನನ್ನ ಹಿಂದೆಯೇ ಬಂತು. ಯಾಕೆಂದರೆ ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ. ನನ್ನ ಅಮ್ಮಿಯ ತವರು ಮಾನ್ವಿ. ನಾವು ರಾಯಚೂರಿಗೆ ಬಂದು ಎರಡು ವರ್ಷ ಆಯಿತು ಅಷ್ಟೆ. ಅವನು ತಮಾಷೆಗೆ ಕೇಳಿದ ಆ ಎರಡು ಊರುಗಳ ನಡುವಿನ ದೂರ ಎಷ್ಟು ಎಂದು ನಮ್ಮ ಮನೆಯವರಿಗೆ ಗೊತ್ತಿರುವಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಅಂದು ರಾತ್ರಿ ನಿಜವಾಗಿಯೂ ಲೆಕ್ಕ ಹಾಕಲು ಕೂತೆ. ವಿಮಾನದ ದಾರಿಯ ದೂರ ಎಂದರೆ ನಕ್ಷೆಯ ಮೇಲೆ ಎರಡು ಊರುಗಳ ನಡುವೆ ಎಳೆದ ನೇರ ಗೆರೆ. ಅದನ್ನು ಕಂಡುಹಿಡಿಯಲು ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು. ಉತ್ತರ-ದಕ್ಷಿಣವಾಗಿ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಪೂರ್ವ-ಪಶ್ಚಿಮವಾಗಿ ಒಂದು ಡಿಗ್ರಿ ನಮ್ಮ ಭಾಗದಲ್ಲಿ ಸುಮಾರು 107 ಕಿ.ಮೀ. ದೇವದುರ್ಗ ಕೃಷ್ಣೆಯ ಕಡೆ ಇದೆ, ಮಾನ್ವಿ ತುಂಗಭದ್ರೆಯ ಕಡೆ ಇದೆ. ಉತ್ತರ-ದಕ್ಷಿಣ ಅಂತರ ಸುಮಾರು 48 ಕಿ.ಮೀ. ಪೂರ್ವ-ಪಶ್ಚಿಮ ಅಂತರ ಸುಮಾರು 14 ಕಿ.ಮೀ. ಇನ್ನು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ. 48ರ ವರ್ಗ 2304, 14ರ ವರ್ಗ 196, ಕೂಡಿದರೆ 2500. ಅದರ ವರ್ಗಮೂಲ 50.

ಅಂದರೆ ದೇವದುರ್ಗದಿಂದ ಮಾನ್ವಿಗೆ ವಿಮಾನದ ದಾರಿ ಸುಮಾರು 50 ಕಿ.ಮೀ. ಗಂಟೆಗೆ 300 ಕಿ.ಮೀ. ಹೋಗುವ ಸಣ್ಣ ವಿಮಾನಕ್ಕೆ ಹತ್ತು ನಿಮಿಷದ ಹಾದಿ. ಸಿರವಾರದ ಮೇಲೆ ರಸ್ತೆಯಲ್ಲಿ ಹೋದರೂ ಹತ್ತು ಹನ್ನೆರಡು ಕಿ.ಮೀ. ಹೆಚ್ಚಾಗಬಹುದು. ಲೆಕ್ಕ ಮುಗಿಸಿ ಅಮ್ಮಿಗೆ ತೋರಿಸಿದೆ. ಅವರು ಕಾಗದ ನೋಡಿ, ‘ಐವತ್ತೇನಾ?’ ಎಂದರು. ಮತ್ತೇನೂ ಹೇಳದೆ ಅಡುಗೆಮನೆಗೆ ಹೋದರು. ಅವರು ಯಾಕೆ ಸುಮ್ಮನಾದರು ಎಂದು ನನಗೆ ಗೊತ್ತಿತ್ತು.

ನಾನು ಏಳನೇ ತರಗತಿ ಮುಗಿಸಿದ ಬೇಸಿಗೆ ಅದು. ಬೆಳಿಗ್ಗೆ ಸುಮಾರು ಮುಕ್ಕಾಲು ಹನ್ನೊಂದಕ್ಕೆ ಮಾನ್ವಿಯಿಂದ ಮಾಮು ಫೋನ್ ಮಾಡಿದರು. ನಾನಾ ತೀರಿಕೊಂಡಿದ್ದರು. ಬಿಸಿಲು ಬಹಳ ಇದ್ದದ್ದರಿಂದ ಜೊಹರ್ ನಮಾಜಿನ ನಂತರ ಮಣ್ಣು ಮಾಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅಬ್ಬಾ ಅಂದು ಅಂಗಡಿಗೆ ಬಟ್ಟೆ ತರಲು ರಾಯಚೂರಿಗೆ ಹೋಗಿದ್ದರು. ಅವರು ಅಲ್ಲಿಂದಲೇ ಹೊರಟರು. ಇತ್ತ ಅಮ್ಮಿ, ನಾನು, ಚಿಕ್ಕ ತಮ್ಮ ದೇವದುರ್ಗದ ಬಸ್ ಸ್ಟ್ಯಾಂಡಿಗೆ ಬಂದೆವು. ಮಾನ್ವಿಯ ನೇರ ಬಸ್ ಹೋಗಿ ಅರ್ಧ ಗಂಟೆಯಾಗಿತ್ತು. ಮುಂದಿನದು ಒಂದು ಗಂಟೆಗೆ ಎಂದರು. ಬಾಡಿಗೆ ಕಾರು ಕೇಳಿದೆವು. ಮದುವೆಗಳ ಕಾಲ, ಇದ್ದವೆಲ್ಲ ಹೋಗಿದ್ದವು. ಕೊನೆಗೆ ಸಿರವಾರದ ಕಡೆ ಹೋಗುವ ಕ್ರೂಸರ್ ಒಂದು ಸಿಕ್ಕಿತು. ಆದರೆ ಸೀಟು ತುಂಬುವ ತನಕ ಅದು ಹೊರಡುವುದಿಲ್ಲ. ತುಂಬಲು ಒಂದು ಗಂಟೆ ಹಿಡಿಯಿತು. ಸಿರವಾರದಲ್ಲಿ ಇಳಿದು ಮತ್ತೆ ಕಾದೆವು. ಬಸ್ ಬಂತು, ನಿಲ್ಲಲೂ ಜಾಗ ಇರಲಿಲ್ಲ, ಹೇಗೋ ಹತ್ತಿದೆವು.

ನಾನಾ ಮನೆಯ ಬಾಗಿಲಿಗೆ ಬಂದಾಗ ಮೂರು ಗಂಟೆ. ಖಬರಸ್ತಾನದಿಂದ ಬಂದ ಗಂಡಸರು ಅಂಗಳದಲ್ಲಿ ಕೈಗೆ ಹತ್ತಿದ ಮಣ್ಣು ತೊಳೆಯುತ್ತಿದ್ದರು. ಅವರ ನಡುವೆ ಅಬ್ಬಾ ನಿಂತಿದ್ದರು. ರಾಯಚೂರಿನಲ್ಲಿ ಅವರಿಗೆ ಹತ್ತೇ ನಿಮಿಷದಲ್ಲಿ ಬಸ್ ಸಿಕ್ಕಿ, ಒಂದು ಗಂಟೆಯೊಳಗೇ ಮಾನ್ವಿಯಲ್ಲಿದ್ದರು. ಅರ್ಧ ಗಂಟೆ ನಮಗಾಗಿ ಕಾದರಂತೆ. ಅಳಿಯನಿಗೆ ಜನಾಜಾ ಸಿಕ್ಕಿತು, ಮಗಳಿಗೆ ಕೊನೆಯ ದೀದಾರ್ ಸಿಗಲಿಲ್ಲ.

ಇದರಲ್ಲಿ ಯಾರ ತಪ್ಪೂ ಹುಡುಕಲು ನಾನು ಹೊರಟಿಲ್ಲ. ಮಾಮು ತಪ್ಪು ಮಾಡಲಿಲ್ಲ, ಬಸ್ಸಿನ ಡ್ರೈವರ್ ತಪ್ಪು ಮಾಡಲಿಲ್ಲ. ಆದರೆ ಲೆಕ್ಕ ಹಾಕಿದ ರಾತ್ರಿ ಒಂದು ಮಾತು ನನಗೆ ಮೊದಲ ಸಲ ಹೊಳೆಯಿತು. ರಾಯಚೂರಿನಿಂದ ಮಾನ್ವಿಗೆ ನೇರ ಗೆರೆ ಸುಮಾರು 40 ಕಿ.ಮೀ. ದೇವದುರ್ಗದಿಂದ ಮಾನ್ವಿಗೆ 50. ವ್ಯತ್ಯಾಸ ಹತ್ತೇ ಕಿ.ಮೀ. ಆ ಹತ್ತು ಕಿ.ಮೀ.ಗೆ ಅಂದು ನಾವು ಕೊಟ್ಟ ಬೆಲೆ ಮೂರು ಗಂಟೆಗೂ ಹೆಚ್ಚು.

ನಕ್ಷೆಯಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಮೂರನ್ನೂ ಸೇರಿಸಿ ನೋಡಿ. ಒಂದು ತ್ರಿಕೋನ ಆಗುತ್ತದೆ. ರಾಯಚೂರು–ದೇವದುರ್ಗ ಸುಮಾರು 50, ದೇವದುರ್ಗ–ಮಾನ್ವಿ ಸುಮಾರು 50, ಮಾನ್ವಿ–ರಾಯಚೂರು ಸುಮಾರು 40. ಮೂರು ಬಾಹುಗಳೂ ಹೆಚ್ಚುಕಡಿಮೆ ಒಂದೇ ಅಳತೆ. ಆದರೆ ಬಸ್ಸಿನಲ್ಲಿ ಓಡಾಡುವವರಿಗೆ ಅವು ಒಂದೇ ಅಲ್ಲ. ಜಿಲ್ಲಾ ಕೇಂದ್ರಕ್ಕೆ ಬರುವ ಎರಡು ಬಾಹುಗಳಲ್ಲಿ ಕಚೇರಿ, ಕೋರ್ಟು, ಕಾಲೇಜು, ದವಾಖಾನೆಗೆ ಹೋಗುವ ಜನ ಇರುತ್ತಾರೆ, ಅದಕ್ಕೆ ಬಸ್ಸುಗಳೂ ಇರುತ್ತವೆ. ಮೂರನೇ ಬಾಹುವಿನಲ್ಲಿ ತವರಿಗೆ ಹೋಗುವವರು, ಭತ್ತ ನಾಟಿಗೆ ಹೋಗುವ ಕೂಲಿಯವರು, ಮದುವೆ-ಮಯ್ಯತ್‌ಗೆ ಹೋಗುವವರು ಇರುತ್ತಾರೆ. ನಮ್ಮ ನಾನಿ ಮಾನ್ವಿ-ದೇವದುರ್ಗದ ದೂರವನ್ನು ಎಂದೂ ಕಿಲೋಮೀಟರಿನಲ್ಲಿ ಹೇಳಿದವರಲ್ಲ. ‘ದೋ ಬಸ್ ಕಾ ರಸ್ತಾ’ ಎನ್ನುತ್ತಾರೆ. ಎರಡು ಬಸ್ಸಿನ ದಾರಿ. ನಾವು ರಾಯಚೂರಿಗೆ ಬಂದ ಮೇಲೆ ಅಮ್ಮಿ, ‘ಈಗ ಮಾನ್ವಿ ಹತ್ತಿರ ಆಯಿತು’ ಎನ್ನುತ್ತಾರೆ. ಮಾನ್ವಿ ಇದ್ದಲ್ಲೇ ಇದೆ. ಎರಡು ಬಸ್ಸು ಇದ್ದದ್ದು ಒಂದಾಯಿತು ಅಷ್ಟೆ.

ನೇರ ಗೆರೆಯ ದೂರವೇ ನಿಜವಾದ ದೂರ ಆಗಿರುವ ಊರುಗಳೂ ಪ್ರಪಂಚದಲ್ಲಿವೆ. ಕೆನಡಾ ದೇಶದ ಉತ್ತರ ತುದಿಯಲ್ಲಿ ನುನಾವುಟ್ ಎಂಬ ಪ್ರಾಂತ್ಯ ಇದೆ. ಅಲ್ಲಿ 25 ಊರುಗಳಿವೆ. ಒಂದು ಊರಿನಿಂದ ಇನ್ನೊಂದು ಊರಿಗೆ ರಸ್ತೆಯೇ ಇಲ್ಲ. ಸಮುದ್ರ ವರ್ಷದ ಬಹು ಭಾಗ ಹೆಪ್ಪುಗಟ್ಟಿರುತ್ತದೆ. ಅದರ ಉತ್ತರದಲ್ಲಿರುವ ಗ್ರೀಸ್ ಫಿಯೋರ್ಡ್ ಎಂಬ ಊರಿನಲ್ಲಿ ನೂರೈವತ್ತು ಜನ ಕೂಡ ಇಲ್ಲ. ಅವರಿಗೆ ಹತ್ತಿರದ ಊರು ರೆಸಲ್ಯೂಟ್. ನನ್ನ ಸೂತ್ರವನ್ನೇ ಅಲ್ಲಿಗೂ ಹಾಕಿ ನೋಡಿದೆ. ಧ್ರುವದ ಹತ್ತಿರ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ, ನಮ್ಮಲ್ಲಿ 107 ಕಿ.ಮೀ. ಇರುವ ಒಂದು ಡಿಗ್ರಿ ಅಲ್ಲಿ ಸುಮಾರು 27 ಕಿ.ಮೀ. ಆಗಿಬಿಡುತ್ತದೆ. ಎರಡು ಊರುಗಳ ನಡುವೆ ನೇರ ಗೆರೆ 400 ಕಿ.ಮೀ.ಗೆ ಸ್ವಲ್ಪ ಕಡಿಮೆ ಬಂತು. ಅವರಿಗೆ ವಿಮಾನವೇ ಬಸ್ಸು. ತರಕಾರಿ, ಔಷಧಿ, ಅಂಚೆ ಎಲ್ಲ ಅದರಲ್ಲೇ ಬರಬೇಕು. ನುನಾವುಟ್‌ನ ಸಣ್ಣ ಊರುಗಳ ಗರ್ಭಿಣಿಯರು ಹೆರಿಗೆಗೆ ಕೆಲವು ವಾರ ಮೊದಲೇ ವಿಮಾನದಲ್ಲಿ ದೊಡ್ಡ ಊರಿಗೆ ಹೋಗಿ ಇರುತ್ತಾರೆ.

ಅಷ್ಟು ದೂರದ ಊರನ್ನು ಯಾಕೆ ಎಳೆದು ತಂದೆ ಎಂದರೆ, ಅಲ್ಲಿ ವಿಮಾನಕ್ಕೆ ಬದಲಿ ಇಲ್ಲ. ನಮಗೆ ಇದೆ. ನಮ್ಮ ಐವತ್ತು ಕಿ.ಮೀ.ಗೆ ನೆಲ ಇದೆ, ರಸ್ತೆ ಇದೆ, ನಡುವೆ ಸಿರವಾರ ಇದೆ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಒಂದು ಗಾಡಿ.

ಈಗ ವಿಮಾನ ನಿಲ್ದಾಣದ ಮಾತಿಗೆ ಬರುತ್ತೇನೆ. ಯರಮರಸ್ ಬಳಿ ನಿಲ್ದಾಣ ಆಗಬೇಕು ಎನ್ನುವುದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಹತ್ತಿ ಮತ್ತು ಅಕ್ಕಿ ವ್ಯಾಪಾರಿಗಳಿಗೆ ಅದು ಬೇಕು. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಇಲ್ಲಿ ಧರಣಿಗೆ ಕೂತವರ ಕನಸು ನನಸಾದರೆ ತಜ್ಞ ವೈದ್ಯರು ಬರಲೂ ಬೇಕು. 371(ಜೆ) ಬಂದ ಮೇಲೆ ನಮ್ಮ ಭಾಗಕ್ಕೂ ಎಲ್ಲ ಸಿಗಬೇಕು ಎನ್ನುವುದು ನ್ಯಾಯದ ಮಾತು. ಆದರೆ ವಾಣಿಜ್ಯ ಓದುವ ನಾನು ಚರ್ಚೆಯಲ್ಲಿ ಮರೆತ ಲೆಕ್ಕವೊಂದಿದೆ.

ದೇವದುರ್ಗದ ಒಬ್ಬರು ರಾಯಚೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗುತ್ತಾರೆ ಎಂದುಕೊಳ್ಳಿ. ರಾಯಚೂರಿಗೆ ಬರಲು ಎರಡು ಗಂಟೆ, ಅಲ್ಲಿಂದ ನಿಲ್ದಾಣಕ್ಕೆ ಅರ್ಧ ಗಂಟೆ, ಒಂದು ಗಂಟೆ ಮೊದಲೇ ಹೋಗಿ ಕೂರಬೇಕು, ಹಾರಲು ಒಂದೂಕಾಲು ಗಂಟೆ, ದೇವನಹಳ್ಳಿಯಿಂದ ಬೆಂಗಳೂರಿನ ಒಳಗೆ ಹೋಗಲು ಒಂದೂವರೆ ಗಂಟೆ. ಒಟ್ಟು ಆರೂಕಾಲು ಗಂಟೆ. ಅದರಲ್ಲಿ ಆಕಾಶದಲ್ಲಿ ಇದ್ದದ್ದು ಐದರಲ್ಲಿ ಒಂದು ಪಾಲು ಮಾತ್ರ. ಉಳಿದ ನಾಲ್ಕು ಪಾಲು ನೆಲದ್ದು. ವಿಮಾನ ಬೆಳಿಗ್ಗೆ ಎಂಟಕ್ಕಿದ್ದರೆ ದೇವದುರ್ಗವನ್ನು ನಾಲ್ಕೂವರೆಗೆ ಬಿಡಬೇಕು. ಆ ಹೊತ್ತಿಗೆ ಬಸ್ ಸಿಗದಿದ್ದರೆ ಹಿಂದಿನ ರಾತ್ರಿಯೇ ಬಂದು ರಾಯಚೂರಿನ ಲಾಡ್ಜಿನಲ್ಲಿ ಮಲಗಬೇಕು. ಅದೇ ರಾತ್ರಿ ಬೆಂಗಳೂರು ಬಸ್ ಹತ್ತಿದವರು, ಇವರು ವಿಮಾನ ಹತ್ತುವ ಮೊದಲೇ ಬೆಂಗಳೂರಿನಲ್ಲಿ ಚಹಾ ಕುಡಿಯುತ್ತಿರುತ್ತಾರೆ.

ಇನ್ನೊಂದು ಲೆಕ್ಕ ನಿಲ್ದಾಣದ್ದೇ. ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ 2016ರಲ್ಲಿ ‘ಉಡಾನ್’ ಯೋಜನೆ ಮಾಡಿತು. ಅದರ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಮಿತಿಯನ್ನು ಕೆಲವು ಸೀಟುಗಳಿಗೆ ಹಾಕಿದರು. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಮೂರು ವರ್ಷದ ನಂತರ ಸೀಟು ತುಂಬಿದರೆ ವಿಮಾನ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಬೀದರ್‌ನಿಂದ ಬೆಂಗಳೂರಿಗೆ ಇದ್ದ ವಿಮಾನ 2023ರ ಕೊನೆಗೆ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾದದ್ದು ನಿಮಗೆ ಗೊತ್ತಿರಬಹುದು. ಮಾರಾಟವಾಗದ ಅಕ್ಕಿಯನ್ನು ಗೋದಾಮಿನಲ್ಲಿ ಇಟ್ಟು ನಾಳೆ ಮಾರಬಹುದು. ಇಂದು ಖಾಲಿ ಹೋದ ಸೀಟನ್ನು ನಾಳೆ ಮಾರಲು ಬರುವುದಿಲ್ಲ.

ರಾಯಚೂರಿನ ವಿಮಾನದ ಸೀಟು ತುಂಬುವವರು ಯಾರು? ನಗರದವರು ಮಾತ್ರ ಸಾಲುವುದಿಲ್ಲ. ದೇವದುರ್ಗ, ಮಾನ್ವಿ, ಸಿಂಧನೂರು, ಲಿಂಗಸುಗೂರಿನವರು ಬರಬೇಕು. ಅವರು ಬರಲು ಹೊತ್ತಿಗೆ ಬಸ್ ಇರಬೇಕು. ಹಾಗಾಗಿ ‘ಮೊದಲು ಬಸ್ಸೋ, ಮೊದಲು ವಿಮಾನವೋ’ ಎಂದು ಜಗಳ ಆಡುವುದೇ ತಪ್ಪು. ತಾಲ್ಲೂಕಿನ ಬಸ್ ಗಟ್ಟಿ ಇದ್ದರೆ ವಿಮಾನ ಉಳಿಯುತ್ತದೆ. ನಿಲ್ದಾಣದ ಯೋಜನೆ ಬರೆಯುವಾಗಲೇ ತಾಲ್ಲೂಕುಗಳಿಂದ ಬರುವ ಬಸ್ಸಿನ ವೇಳಾಪಟ್ಟಿಯೂ ಅದರೊಳಗೆ ಇರಬೇಕು. ಇದು ನನ್ನ ಮೊದಲ ಅಭಿಪ್ರಾಯ.

ಎರಡನೆಯದು ಮೂರನೇ ಬಾಹುವಿನ ಬಗ್ಗೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿತ್ತು. ಅಲ್ಲಿಂದ ಜನ ಗುಳೆ ಹೋಗುವುದು ಇವತ್ತಿಗೂ ನಿಂತಿಲ್ಲ. ರೈಲು 2024ರಲ್ಲಿ ಸಿಂಧನೂರಿನ ತನಕ ಬಂದಿದೆ, ಆ ಮಾರ್ಗ ಮುಂದೆ ಮಾನ್ವಿಯ ಕಡೆಯಿಂದಲೇ ರಾಯಚೂರಿಗೆ ಬರಬೇಕಾದದ್ದು. ಅದು ಬಂದ ದಿನ ಮಾನ್ವಿಗೆ ಒಂದು ದೊಡ್ಡ ಬಾಗಿಲು ತೆರೆಯುತ್ತದೆ. ಆದರೆ ದೇವದುರ್ಗದವರು ಆ ಬಾಗಿಲಿಗೆ ಬರುವುದು ಹೇಗೆ? 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಅಮ್ಮಿಗೆ ಮಾನ್ವಿಯ ಟಿಕೆಟ್ ಸೊನ್ನೆ ರೂಪಾಯಿ. ಅದಕ್ಕೆ ಅವರು ದುವಾ ಮಾಡುತ್ತಾರೆ. ಆದರೆ ಕಾಯುವ ಗಂಟೆಗಳನ್ನು ಸೊನ್ನೆ ಮಾಡಲು ಇನ್ನೊಂದು ಬಸ್ಸೇ ಬೇಕು. ತಾಲ್ಲೂಕಿನಿಂದ ತಾಲ್ಲೂಕಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಂಬಬಹುದಾದ ನೇರ ಬಸ್ಸುಗಳು ಇದ್ದರೆ ಸಾಕು.

ಮೂರನೆಯದು ನಮ್ಮ ಕಾಲೇಜಿನ ಬಗ್ಗೆ. ಇದನ್ನು ಗುರುಗಳು ತಪ್ಪು ತಿಳಿಯಬಾರದು. ಶುಕ್ರವಾರ ಜುಮ್ಮಾ ನಮಾಜಿಗೆ ಬಿಡುವು ಕೊಡುವುದರಿಂದ ಕೊನೆಯ ಪೀರಿಯಡ್ ತಡವಾಗಿ ಮುಗಿಯುತ್ತದೆ. ನನ್ನ ಪಕ್ಕ ಕೂರುವ ಗೆಳತಿ ದೇವದುರ್ಗ ತಾಲ್ಲೂಕಿನ ಹಳ್ಳಿಯವಳು. ದೇವದುರ್ಗದಲ್ಲಿ ಇಳಿದು ಮತ್ತೆ ಟಂಟಂ ಹಿಡಿಯಬೇಕು. ಕತ್ತಲಾದರೆ ಟಂಟಂ ಸಿಗುವುದಿಲ್ಲ. ಶುಕ್ರವಾರ ಕೊನೆಯ ಪೀರಿಯಡ್ ಲೆಕ್ಕಶಾಸ್ತ್ರ. ಅವಳು ಪ್ರತಿ ವಾರ ಅದನ್ನು ಬಿಟ್ಟು ಹೋಗುತ್ತಾಳೆ. ಹಾಜರಿ ಶೇಕಡ 75 ಇರಬೇಕು ಎಂಬ ನಿಯಮ ನಮಗೆಲ್ಲ ಗೊತ್ತು. ಲೆಕ್ಕಶಾಸ್ತ್ರದಲ್ಲಿ ಅವಳ ಹಾಜರಿ ಆ ಗೆರೆಯ ಹತ್ತಿರಕ್ಕೆ ಬಂದಿದೆ. ಹೋದ ವಾರ, ‘ನಮ್ಮ ಮನೆಯಲ್ಲಿ ಸಾಕು ಬಿಡು ಅಂತಿದಾರೆ’ ಎಂದಳು. ಅವಳು ನನಗಿಂತ ಚೆನ್ನಾಗಿ ಲೆಕ್ಕ ಬಿಡಿಸುತ್ತಾಳೆ. ಅವಳಿಗೆ ಬುದ್ಧಿ ಕಡಿಮೆಯಾಗಿಲ್ಲ, ಶುಕ್ರವಾರ ಅರ್ಧ ಗಂಟೆ ಕಡಿಮೆಯಾಗಿದೆ.

ನಮಾಜಿನ ಬಿಡುವು ಬೇಡ ಎಂದು ನಾನು ಖಂಡಿತ ಹೇಳುತ್ತಿಲ್ಲ. ಶುಕ್ರವಾರದ ಕೊನೆಯ ಪೀರಿಯಡ್‌ಗೆ ಆಟ ಅಥವಾ ಗ್ರಂಥಾಲಯ ಹಾಕಿ, ಲೆಕ್ಕಶಾಸ್ತ್ರವನ್ನು ಬೆಳಗಿನ ಹೊತ್ತಿಗೆ ತಂದರೆ ದೂರದವರು ಪಾಠ ಕಳೆದುಕೊಳ್ಳುವುದಿಲ್ಲ. ಇದಕ್ಕೆ ಸರ್ಕಾರದ ಅನುಮತಿ ಬೇಡ, ದುಡ್ಡೂ ಬೇಡ. ನೋಟಿಸ್ ಬೋರ್ಡಿನ ಒಂದು ಹಾಳೆ ಬದಲಾದರೆ ಸಾಕು.

ಇನ್ನು ನಾವು ವಿದ್ಯಾರ್ಥಿಗಳು ಮಾಡಬಹುದಾದದ್ದು ಒಂದಿದೆ. ಬಸ್ ಬೇಕು ಎಂದು ಬರೀ ಕೂಗಿದರೆ ಅಧಿಕಾರಿಗಳು ‘ಎಷ್ಟು ಜನ ಬರ್ತೀರಿ, ಎಷ್ಟು ಹೊತ್ತಿಗೆ?’ ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಹತ್ತಿರ ಅಂಕಿ-ಅಂಶ ಇರಬೇಕು. ಗ್ರಂಥಪಾಲಕರ ಒಪ್ಪಿಗೆ ಪಡೆದು ಗ್ರಂಥಾಲಯದ ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಸರು ಬರೆಯುವುದು ಬೇಡ. ನಿಮ್ಮ ಊರು, ಮನೆ ಬಿಡುವ ಹೊತ್ತು, ಕಾಲೇಜು ಮುಟ್ಟುವ ಹೊತ್ತು, ಎಷ್ಟು ಬಸ್ಸು, ಊರಿಗೆ ಕೊನೆಯ ಗಾಡಿ ಎಷ್ಟಕ್ಕೆ, ಇಷ್ಟು ಬರೆಯಿರಿ. ತಿಂಗಳ ಕೊನೆಗೆ ನಮ್ಮ ವಿಭಾಗದವರು ಸೇರಿ ಅದನ್ನು ಕೋಷ್ಟಕ ಮಾಡಿ ಪ್ರಾಂಶುಪಾಲರಿಗೆ ಕೊಡುತ್ತೇವೆ. ಅವರು ಒಪ್ಪಿದರೆ ಬಸ್ಸಿನ ಅಧಿಕಾರಿಗಳಿಗೂ ಕೊಡೋಣ.

ಹಿಂದಿನ ಬೆಂಚಿನ ಗೆಳೆಯನಿಗೆ ಈಗ ಉತ್ತರ ಕೊಡುತ್ತೇನೆ. ದೇವದುರ್ಗದಿಂದ ಮಾನ್ವಿಗೆ ವಿಮಾನ ಇಲ್ಲಪ್ಪ, ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ನಿನ್ನ ಪ್ರಶ್ನೆಗೆ ನಾನು ಅಂದು ನಗಬಾರದಿತ್ತು. ನೋಟ್‌ಬುಕ್ಕಿನ ಮೊದಲ ಸಾಲನ್ನು ನಾನೇ ಬರೆದಿದ್ದೇನೆ: ದೇವದುರ್ಗ–ಮಾನ್ವಿ, ನೇರ ಗೆರೆ 50 ಕಿ.ಮೀ., ಹಿಡಿದ ಹೊತ್ತು ನಾಲ್ಕೂಕಾಲು ಗಂಟೆ. ಎರಡನೇ ಸಾಲು ಖಾಲಿ ಇದೆ. ನೀನೇ ಬಂದು ಬರಿ.